ಗ್ಯಾಲಕ್ಸೀಸ್ ಎಡ್ಜ್‌ಗೆ ಹೋಗಿ ಬಂದವರು ಬನ್ನಿ, ಹೇಗಿತ್ತು ಅಂತ ಹೇಳಿ

ಇರ್ವೈನ್ ಕನ್ನಡತಿ
ಜೂನ್ 8, 2019

ಎಲ್ಲರಿಗೂ ನಮಸ್ಕಾರ. ಕ್ಯಾಲಿಫೋರ್ನಿಯಾದ ಅನಾಹೈಮ್‌ನ ಡಿಸ್ನಿಲ್ಯಾಂಡ್‌ನಲ್ಲಿ ಮೇ 31ಕ್ಕೆ ಸ್ಟಾರ್ ವಾರ್ಸ್ ಸಿನಿಮಾಗಳ ಹೊಸ ಜಾಗ ಶುರುವಾಗಿದೆ. ಹೆಸರು ಗ್ಯಾಲಕ್ಸೀಸ್ ಎಡ್ಜ್. ನಾವು ನೋಡಿಕೊಂಡು ಬಂದೆವು. ಇಲ್ಲಿ ನಮ್ಮ ಕನ್ನಡದವರು ನಾಲ್ಕು ಜನ ಸೇರಿದರೆ ಸಾಕು, ಇದೇ ಮಾತು. ಹೋಗಬೇಕಾ, ಬೇಡವಾ, ಮಕ್ಕಳಿಗೆ ಹಿಡಿಸುತ್ತಾ, ಊರಿಂದ ಬಂದಿರುವ ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗಬಹುದಾ ಅಂತ. ಅದಕ್ಕೇ ಈ ಚರ್ಚೆ ಶುರು ಮಾಡಿದ್ದೇನೆ. ಹೋಗಿ ಬಂದವರು ಮನಸ್ಸಿಗೆ ಅನಿಸಿದ್ದನ್ನು ಬಿಚ್ಚಿ ಬರೆಯಿರಿ.

ಮೊದಲು ಒಳಗೆ ಹೋಗುವ ವಿಚಾರ. ಜೂನ್ 23ರವರೆಗೆ ಮುಂಗಡ ಬುಕಿಂಗ್ ಇಲ್ಲದವರನ್ನು ಬಿಡುವುದಿಲ್ಲ. ಬುಕಿಂಗ್‌ಗೆ ಬೇರೆ ದುಡ್ಡಿಲ್ಲ, ಆದರೆ ಪಾರ್ಕಿನ ಟಿಕೆಟ್ ಬೇಕೇ ಬೇಕು. ನಾಲ್ಕು ಗಂಟೆ ಒಳಗಿರಬಹುದು. ಕೈಗೆ ಬಣ್ಣದ ಪಟ್ಟಿ ಕಟ್ಟುತ್ತಾರೆ. ಸಮಯ ಮುಗಿದ ಮೇಲೆ ಮುಂದಿನ ತಂಡಕ್ಕೆ ಜಾಗ ಬಿಡಬೇಕು.

ಇನ್ನು ಜಾಗ. 14 ಎಕರೆ. ಬಟೂ ಅನ್ನುವ ಗ್ರಹ, ಅದರಲ್ಲಿ ಬ್ಲ್ಯಾಕ್ ಸ್ಪೈರ್ ಔಟ್‌ಪೋಸ್ಟ್ ಅನ್ನುವ ಊರು. ಸಿನಿಮಾದಲ್ಲಿ ಎಲ್ಲೂ ಬಾರದ ಹೊಸ ಊರು ಇದು. ಸುರಂಗ ದಾಟಿ ಒಳಗೆ ಕಾಲಿಟ್ಟರೆ ಹಳೇ ಡಿಸ್ನಿಲ್ಯಾಂಡ್ ಎಲ್ಲೂ ಕಾಣಿಸುವುದಿಲ್ಲ. ಕಲ್ಲಾಗಿ ಹೋದ ದೊಡ್ಡ ದೊಡ್ಡ ಮರಗಳು, ಮಾಸಿದ ಗೋಡೆಗಳು, ಗುಂಡು ತಾಗಿದ ಗುರುತುಗಳು. ನೆಲದ ಕಾಂಕ್ರೀಟಿನಲ್ಲಿ ರೋಬೋಟ್‌ಗಳು ಓಡಾಡಿದ ಚಕ್ರದ ಗೆರೆ. ಮಾರ್ಕೆಟ್ ಬೀದಿಯಲ್ಲಿ ಮೇಲೆ ಬಟ್ಟೆ ಕಟ್ಟಿದ್ದಾರೆ, ಇಕ್ಕಟ್ಟಾದ ಅಂಗಡಿಗಳಿವೆ. ಇದನ್ನು ವಿನ್ಯಾಸ ಮಾಡಿದವರು ಇಸ್ತಾಂಬುಲ್, ಮರಕೇಶ್ ಬೀದಿಗಳನ್ನು ಸುತ್ತಿ ನೋಡಿ ಬಂದು ಮಾಡಿದ್ದಂತೆ. ನಂಬುವ ಹಾಗೇ ಇದೆ.

ಆಮೇಲೆ ಮಿಲೇನಿಯಮ್ ಫಾಲ್ಕನ್. ಸಿನಿಮಾದಲ್ಲಿ ಬರುವ ಆಕಾಶದ ಹಡಗು, ಪೂರ್ತಿ ಅಳತೆಯದ್ದು, 100 ಅಡಿಗಿಂತ ಉದ್ದ. ಅದರ ಮುಂದೆ ಜನ ಸುಮ್ನೆ ನಿಂತುಬಿಡ್ತಾರೆ. ಪಕ್ಕದಲ್ಲಿ ಕೆಲವರು ಕಣ್ಣು ಒರೆಸಿಕೊಳ್ಳುತ್ತಿದ್ದರು. ಆಗಾಗ ಅದರಿಂದ ಹಬೆ ಬರುತ್ತೆ, ರಿಪೇರಿ ನಡೆಯುತ್ತಿರುವ ಸದ್ದು ಬರುತ್ತೆ. ತಲೆ ಮೇಲೆ ಹಡಗು ಹಾರಿಹೋದ ಸದ್ದು ಕೇಳಿ ಎಲ್ಲರೂ ಮೇಲೆ ನೋಡ್ತಾರೆ. ಸ್ಪೀಕರ್‌ಗಳದ್ದೇ ಕೆಲಸ, ಆದರೂ ಕತ್ತು ತಾನಾಗಿ ಮೇಲಕ್ಕೆ ಹೋಗುತ್ತೆ.

ನನಗೆ ತುಂಬಾ ಹಿಡಿಸಿದ್ದು ಒಂದು. ಇಲ್ಲಿ ಯಾರೂ ನಿಮ್ಮನ್ನು ಕೂರಿಸಿ ಕಥೆ ಹೇಳುವುದಿಲ್ಲ. ನೀವೇ ಕೇಳಬೇಕು, ಮುಟ್ಟಿ ನೋಡಬೇಕು, ತಿರುಗಾಡಬೇಕು. ಕೇಳಿದಷ್ಟೂ ಸಿಗುತ್ತೆ.

ಹಳೇ ಅಭಿಮಾನಿ
ಜೂನ್ 9, 2019

ಮೇಡಂ, ಚೆನ್ನಾಗಿ ಬರೆದಿದ್ದೀರಿ. ನಾನೂ ಹೋಗಿದ್ದೆ. ಕಟ್ಟಿದವರ ಕೆಲಸಕ್ಕೆ ಕೈ ಮುಗಿಯಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ನನ್ನ ಮನಸ್ಸು ತುಂಬಲಿಲ್ಲ.

ಮೊದಲ ಸಿನಿಮಾ ಬಂದದ್ದು 1977ರಲ್ಲಿ. ನಾನು ನೋಡಿದ್ದು ಎಷ್ಟೋ ವರ್ಷ ಆದ ಮೇಲೆ, ಬೆಂಗಳೂರಿನಲ್ಲಿ ಬಾಡಿಗೆಗೆ ತಂದ ಕ್ಯಾಸೆಟ್‌ನಲ್ಲಿ. ನನ್ನಂಥವರಿಗೆ ಸ್ಟಾರ್ ವಾರ್ಸ್ ಅಂದರೆ ಲ್ಯೂಕ್, ಲೇಯಾ, ಹ್ಯಾನ್ ಸೋಲೋ, ಡಾರ್ತ್ ವೇಡರ್. ಈ ಜಾಗದಲ್ಲಿ ಇವರಲ್ಲಿ ಒಬ್ಬರೂ ಇಲ್ಲ. ಹ್ಯಾನ್ ಸೋಲೋನ ಹಡಗು ಇದೆ, ಅವನಿಲ್ಲ. ಓಡಾಡುವುದು ರೇ, ಕೈಲೋ ರೆನ್, ಚ್ಯೂಬಾಕಾ, ಬಿಳಿ ಕವಚದ ಸೈನಿಕರು. ಹೊಸ ಸಿನಿಮಾಗಳ ಕಾಲಕ್ಕೆ ಗಂಟು ಹಾಕಿಬಿಟ್ಟಿದ್ದಾರೆ.

ಸಂಗೀತವೂ ಅಷ್ಟೇ. ಬೀದಿಯಲ್ಲಿ ನಡೆಯುವಾಗ ಆ ಸಿನಿಮಾಗಳ ಸಂಗೀತ ಹಿನ್ನೆಲೆಯಲ್ಲಿ ಕೇಳಿಸುವುದಿಲ್ಲ. ನಿಜವಾದ ಊರಿನಲ್ಲಿ ವಾದ್ಯಮೇಳ ಇರುತ್ತಾ ಅಂತ ಅವರು ಕೇಳಬಹುದು. ಆದರೆ ನಲವತ್ತು ವರ್ಷದಿಂದ ಆ ಸಂಗೀತವೇ ನಮ್ಮನ್ನು ಅಲ್ಲಿಗೆ ಕರೆದುಕೊಂಡು ಹೋಗ್ತಿದ್ದದ್ದು. ಅದಿಲ್ಲದೆ ನನಗೆ ಏನೋ ಖಾಲಿ ಅನಿಸಿತು.

ರೋಬೋ ಮೇಷ್ಟ್ರು
ಜೂನ್ 10, 2019

ಹಳೇ ಅಭಿಮಾನಿ ಸರ್, ನಿಮ್ಮ ಬೇಸರ ಅರ್ಥವಾಗುತ್ತೆ. ಆದರೆ ಹೀಗೆ ಮಾಡಿದ್ದಕ್ಕೆ ಕಾರಣ ಇದೆ. ಹಳೇ ಸಿನಿಮಾದ ಟಾಟೂಯಿನ್ ಥರದ ಗ್ರಹ ಕಟ್ಟಿದ್ದರೆ ಜನ ಸಿನಿಮಾದ ದೃಶ್ಯಗಳನ್ನು ಹುಡುಕುತ್ತಾ ಓಡಾಡುತ್ತಿದ್ದರು. ಲ್ಯೂಕ್ ಇಲ್ಲಿ ನಿಂತಿದ್ದ, ಓಬಿ ವಾನ್ ಅಲ್ಲಿ ನಿಂತಿದ್ದ ಅಂತ. ಅದು ಅವರ ಕಥೆ. ಹೊಸ ಊರಾದರೆ ಎಲ್ಲರೂ ಹೊಸಬರೇ. ಹತ್ತು ಸಲ ಸಿನಿಮಾ ನೋಡಿದವರೂ ಒಂದೇ, ಮೊದಲ ಸಲ ಹೆಸರು ಕೇಳಿದವರೂ ಒಂದೇ. ಅಲ್ಲಿ ಏನು ನಡೆದರೂ ಅದು ಬಂದವರದ್ದೇ ಕಥೆ. ವಿನ್ಯಾಸ ಮಾಡಿದವರೂ ಇದೇ ಮಾತು ಹೇಳಿದ್ದಾರೆ.

ನನಗೆ ರೈಡ್ ಬಗ್ಗೆ ಬರೆಯಬೇಕು. ಈಗ ನಡೀತಿರುವುದು ಒಂದೇ ರೈಡ್, ಸ್ಮಗ್ಲರ್ಸ್ ರನ್. ಫಾಲ್ಕನ್ ಹಡಗನ್ನು ನೀವೇ ನಡೆಸಬೇಕು. ಒಂದು ಕಾಕ್‌ಪಿಟ್‌ಗೆ ಆರು ಜನ. ಇಬ್ಬರು ಪೈಲಟ್, ಇಬ್ಬರು ಗುಂಡು ಹಾರಿಸುವವರು, ಇಬ್ಬರು ಎಂಜಿನಿಯರ್. ಎಡಗಡೆಯ ಪೈಲಟ್ ಹಡಗನ್ನು ಎಡಕ್ಕೆ ಬಲಕ್ಕೆ ತಿರುಗಿಸುತ್ತಾರೆ. ಬಲಗಡೆಯವರು ಮೇಲೆ ಕೆಳಗೆ. ಬೆಳಕಿನ ವೇಗಕ್ಕೆ ಎಳೆಯುವ ಹಿಡಿ ಬಲಗಡೆಯವರ ಕೈಯಲ್ಲಿರುತ್ತೆ. ಒಬ್ಬರಿಗೊಬ್ಬರು ಕೂಗಿ ಹೇಳದೆ ಇದ್ದರೆ ಹಡಗು ಗೋಡೆಗೆ ಬಡಿಯುತ್ತೆ. ಹಿಂದೆ ಕೂತ ಎಂಜಿನಿಯರ್‌ಗಳು ಗುಂಡಿ ಒತ್ತಿ ರಿಪೇರಿ ಮಾಡಬೇಕು.

ಇದರ ತಂತ್ರ ಚೆನ್ನಾಗಿದೆ. ಒಂದು ದೊಡ್ಡ ತಿರುಗುವ ವೇದಿಕೆಯ ಸುತ್ತ ಏಳು ಕಾಕ್‌ಪಿಟ್‌ಗಳಿವೆ. ಪ್ರತಿಯೊಂದಕ್ಕೂ ತನ್ನದೇ ಬಾಗಿದ ಪರದೆ. ವೇದಿಕೆ ತಿರುಗುತ್ತಾ ಒಂದೊಂದು ಕಾಕ್‌ಪಿಟ್ ಜನರನ್ನು ಹತ್ತಿಸಿಕೊಳ್ಳುತ್ತೆ, ಇಳಿಸುತ್ತೆ. ಬಾಗಿಲು ಒಂದೇ ಕಾಣುವುದರಿಂದ ಇರುವುದು ಒಂದೇ ಹಡಗು ಅಂತಲೇ ನಂಬ್ತೀರಿ. ಪರದೆಯ ಮೇಲೆ ಬರುವುದು ಮೊದಲೇ ಮಾಡಿಟ್ಟ ಸಿನಿಮಾ ಅಲ್ಲ. ವಿಡಿಯೋ ಗೇಮ್‌ಗೆ ಬಳಸುವ ಅನ್‌ರಿಯಲ್ ಎಂಜಿನ್‌ನಲ್ಲಿ ಆಗಿಂದಾಗಲೇ ಚಿತ್ರ ತಯಾರಾಗುತ್ತೆ. ಅದಕ್ಕೇ ನೀವು ತಿರುಗಿಸಿದಂತೆ ದಾರಿ ಬದಲಾಗುತ್ತೆ.

ಕ್ಯೂನಲ್ಲಿ ನಿಂತಾಗ ಹೋಂಡೋ ಓನಾಕಾ ಅನ್ನುವ ಪಾತ್ರ ಬಂದು ಕೆಲಸ ಒಪ್ಪಿಸುತ್ತೆ. ಅದು ಗೊಂಬೆ. ಸುಮಾರು 50 ಬಗೆಯ ಚಲನೆ ಅದಕ್ಕಿದೆ. ಭುಜ ಕುಣಿಸುವುದು, ಬೆರಳು ಆಡಿಸುವುದು ನೋಡಿದರೆ ಯಾರೋ ವೇಷ ಹಾಕಿ ನಿಂತಿದ್ದಾರೆ ಅನ್ನಬೇಕು.

ಫ್ರೀಮಾಂಟ್ ಅಪ್ಪ
ಜೂನ್ 12, 2019

ಮೇಷ್ಟ್ರೇ, ವಿವರಕ್ಕೆ ಥ್ಯಾಂಕ್ಸ್. ನನ್ನ ಪ್ರಶ್ನೆ ದುಡ್ಡಿನದು. ಇಲ್ಲಿಂದ ಅನಾಹೈಮ್‌ಗೆ ಕಾರಲ್ಲಿ ಆರು ಗಂಟೆ ದಾರಿ, ಮಧ್ಯೆ ನಿಲ್ಲಿಸಿದರೆ ಇನ್ನೂ ಜಾಸ್ತಿ. ಒಂದು ದಿನದ ಟಿಕೆಟ್ 104 ಡಾಲರ್‌ನಿಂದ 149 ಡಾಲರ್‌ವರೆಗೆ ಇದೆ. ಹೋಟೆಲ್, ಊಟ ಎಲ್ಲ ಸೇರಿದರೆ ನಾಲ್ಕು ಜನಕ್ಕೆ ದೊಡ್ಡ ಮೊತ್ತ. ಅದರ ಮೇಲೆ ಲೈಟ್‌ಸೇಬರ್, ಅಂದರೆ ಸಿನಿಮಾದ ಬೆಳಕಿನ ಕತ್ತಿ, ಕಟ್ಟಿಕೊಳ್ಳುವುದಕ್ಕೆ 199.99 ಡಾಲರ್ ಅಂತೆ. ನಮ್ಮ ದುಡ್ಡಲ್ಲಿ ಸುಮಾರು 14,000 ರೂಪಾಯಿ. ಮಗ ಆಗಲೇ ಪಟ್ಟು ಹಿಡಿದಿದ್ದಾನೆ. ಇಷ್ಟು ಕೊಡುವಂಥದ್ದು ಅದರಲ್ಲಿ ಏನಿದೆ?

ಇನ್ನೊಂದು. ಮಗಳು ಚಿಕ್ಕವಳು. ಎತ್ತರದ ನಿಯಮ ಹೇಗೆ? ಒಂದೇ ರೈಡ್ ಇದೆ ಅಂದರೆ ಅದಕ್ಕೂ ಅವಳನ್ನು ಬಿಡದಿದ್ದರೆ ಏನು ಮಾಡುವುದು?

ಇರ್ವೈನ್ ಕನ್ನಡತಿ
ಜೂನ್ 12, 2019

ಅಣ್ಣ, ಸ್ಮಗ್ಲರ್ಸ್ ರನ್‌ಗೆ ಕನಿಷ್ಠ 38 ಇಂಚು ಎತ್ತರ ಬೇಕು. ಅಂದರೆ ಸುಮಾರು 97 ಸೆಂಟಿಮೀಟರ್. ಅಷ್ಟಿಲ್ಲದಿದ್ದರೆ ಒಬ್ಬರು ಮಗುವಿನ ಜೊತೆ ನಿಂತು, ಇನ್ನೊಬ್ಬರು ಬಂದ ಮೇಲೆ ತಾವು ಹೋಗಬಹುದು. ಮತ್ತೆ ಮೊದಲಿಂದ ಕ್ಯೂ ನಿಲ್ಲಬೇಕಾಗಿಲ್ಲ. ಕ್ಯೂ ಹತ್ತಿರ ಇರುವ ಸಿಬ್ಬಂದಿಯನ್ನು ಮೊದಲೇ ಕೇಳಿ.

ಲೈಟ್‌ಸೇಬರ್ ವಿಚಾರ ನೇರವಾಗಿ ಹೇಳ್ತೀನಿ. ಸಾವೀಸ್ ವರ್ಕ್‌ಶಾಪ್ ಅನ್ನುವುದು ಬರೀ ಅಂಗಡಿ ಅಲ್ಲ. ಒಂದು ಸಲಕ್ಕೆ 14 ಜನ ಮಾತ್ರ. ಕಟ್ಟುವವರ ಜೊತೆ ಒಬ್ಬರು ನಿಂತು ನೋಡಬಹುದು. ಹಿಡಿಯ ಭಾಗಗಳನ್ನು ಆರಿಸಿಕೊಳ್ಳಬೇಕು, ಬಣ್ಣದ ಹರಳು ಆರಿಸಿಕೊಳ್ಳಬೇಕು. ಕೆಂಪು, ನೀಲಿ, ಹಸಿರು, ನೇರಳೆ. ಕೊನೆಗೆ ಎಲ್ಲರೂ ಒಟ್ಟಿಗೆ ಬೆಳಗಿಸ್ತಾರೆ. ಆ ಕ್ಷಣಕ್ಕೆ ದುಡ್ಡು ಕೊಡುವುದು. ಬರೀ ವಸ್ತುವಿಗೆ ಅಂತ ನೋಡಿದರೆ ಜಾಸ್ತಿಯೇ. ನಿಮ್ಮ ಮಗನಿಗೆ ಇದರ ಹುಚ್ಚಿದ್ದರೆ ಅವನು ಮರೆಯುವುದಿಲ್ಲ. ಇಲ್ಲದಿದ್ದರೆ ಬೇಡ, ಖಂಡಿತ ಬೇಡ. ಡ್ರಾಯ್ಡ್ ಡಿಪೋದಲ್ಲಿ ಪುಟ್ಟ ರೋಬೋಟ್ ಕಟ್ಟಿಕೊಳ್ಳಬಹುದು, 99.99 ಡಾಲರ್. ಅದು ಆ ಜಾಗದಲ್ಲಿ ಓಡಾಡುವಾಗ ಕೆಲವು ಕಡೆ ತಾನಾಗಿ ಬೀಪ್ ಅನ್ನುತ್ತೆ, ಬ್ಲೂಟೂತ್ ಸಂಕೇತ ಹಿಡಿದು.

ಊಟದ ಬಗ್ಗೆ ಯಾರೂ ಕೇಳಿಲ್ಲ, ಆದರೆ ನಮ್ಮವರಿಗೆ ಬೇಕಾದ ವಿಷಯ. ಡಾಕಿಂಗ್ ಬೇ 7 ಅನ್ನುವ ಕಡೆ ಸಸ್ಯಾಹಾರಿಗಳಿಗೆ ಒಂದು ಒಳ್ಳೇ ತಟ್ಟೆ ಇದೆ. ಹುಮ್ಮಸ್, ಸೌತೆಕಾಯಿ ಟೊಮೇಟೊ, ಪೀಟಾ ರೊಟ್ಟಿ, ಗಿಡದ ಪ್ರೋಟೀನಿನ ಉಂಡೆ. ಹೊಟ್ಟೆ ತುಂಬುತ್ತೆ. ರೋಂಟೋ ರೋಸ್ಟರ್ಸ್‌ನ ರೋಲ್ ಎಲ್ಲರೂ ಹೊಗಳ್ತಾರೆ, ಆದರೆ ಅದು ಹಂದಿ ಮಾಂಸ. ನೀಲಿ ಹಾಲು ಕುಡಿಯದೆ ಬರುವವರೇ ಇಲ್ಲ. ಹೆಸರು ಹಾಲು, ಒಳಗೆ ಇರುವುದು ತೆಂಗು ಮತ್ತು ಅಕ್ಕಿಯ ಹಾಲು. ಐಸ್ ಪುಡಿಯ ಥರ ತಣ್ಣಗೆ, ಸಿಹಿ ಜಾಸ್ತಿ. ಒಂದು ಲೋಟ 7.99 ಡಾಲರ್. ನಾಲ್ಕು ಜನ ಒಂದೇ ಲೋಟ ತಗೊಳ್ಳಿ, ಸಾಕು. ಖಾರ ಬೇಕು ಅನಿಸಿದರೆ ಆಮೇಲೆ ಹತ್ತಿರದ ಆರ್ಟೀಸಿಯಾ ಊರಿಗೆ ಹೋಗಿ, ದೋಸೆ ಸಿಗುತ್ತೆ.

ಬಿಡದಿ ಹುಡುಗ
ಜೂನ್ 15, 2019

ಎಲ್ಲರೂ ಬರೆದದ್ದು ಓದ್ತಾ ಇದ್ದೀನಿ. ನಾನು ಇರುವುದು ಊರಲ್ಲೇ. ಇಲ್ಲಿ ವಂಡರ್‌ಲಾ ಇದೆ, 2005ರಿಂದ. ನಮ್ಮಲ್ಲಿ ಪಾರ್ಕ್ ಅಂದರೆ ರೈಡ್. ಎಷ್ಟು ರೈಡ್, ಎಷ್ಟು ಎತ್ತರ, ನೀರಿನ ಆಟ ಎಷ್ಟು, ಅಷ್ಟೇ ಲೆಕ್ಕ. ಅದರಲ್ಲಿ ತಪ್ಪೇನೂ ಇಲ್ಲ, ಗೆಳೆಯರ ಜೊತೆ ಹೋದರೆ ಇಡೀ ದಿನ ಖುಷಿ.

ಆದರೆ ನೀವು ಹೇಳ್ತಿರುವುದು ಬೇರೆಯೇ ಥರ. 14 ಎಕರೆ, ಒಂದೇ ರೈಡ್, ಆದರೂ ನಾಲ್ಕು ಗಂಟೆ ಒಳಗಿರಬಹುದು ಅಂತೀರಿ. ಇದು ಹೇಗೆ? ಸಿನಿಮಾ ನೋಡದೇ ಇರುವವನಿಗೆ ಅಲ್ಲಿ ಏನಿದೆ?

ದಾವಣಗೆರೆ ಸೊಸೆ
ಜುಲೈ 6, 2019

ಬಿಡದಿ ಹುಡುಗ, ನಿಮ್ಮ ಪ್ರಶ್ನೆಗೆ ನಮ್ಮ ಅತ್ತೆಯೇ ಉತ್ತರ. ಅತ್ತೆ ಮಾವ ಬೇಸಿಗೆಗೆ ನಮ್ಮಲ್ಲಿಗೆ ಬಂದಿದ್ದಾರೆ. ಸ್ಟಾರ್ ವಾರ್ಸ್ ಅಂದರೆ ಏನು ಅಂತ ಇಬ್ಬರಿಗೂ ಗೊತ್ತಿಲ್ಲ. ಜೂನ್ 24ರಿಂದ ಬುಕಿಂಗ್ ಬೇಡ ಅಂದದ್ದಕ್ಕೆ ಕರೆದುಕೊಂಡು ಹೋದೆವು. ಗಲಾಟೆ ಇರುತ್ತೆ ಅಂತ ಹೆದರಿದ್ದೆ. ಏನೂ ಇರಲಿಲ್ಲ. ಆರಾಮಾಗಿ ನಡೆದುಕೊಂಡು ಒಳಗೆ ಹೋದೆವು.

ಮಾರ್ಕೆಟ್ ಬೀದಿಗೆ ಬಂದ ಮೇಲೆ ಅತ್ತೆಯ ಮುಖವೇ ಬದಲಾಯಿತು. ನಮ್ಮೂರ ಸಂತೆಗೆ ಬಂದ ಹಾಗೆ ಒಂದೊಂದು ಅಂಗಡಿ ಮುಂದೆಯೂ ನಿಂತರು. ಕೈಯಿಂದ ಹೊಲಿದಂತೆ ಕಾಣುವ ಗೊಂಬೆ, ಪಂಜರದೊಳಗೆ ಉಸಿರಾಡುವ ಪ್ರಾಣಿ. ಕುಡಿಯುವ ನೀರಿನ ನಲ್ಲಿ ಹತ್ತಿರ ಒಂದು ಕೊಳಕು ನೀರಿನ ತೊಟ್ಟಿ ಇದೆ. ಅದರಿಂದ ಒಂದು ಒಂಟಿ ಕಣ್ಣು ಮೇಲೆದ್ದು ನೋಡುತ್ತೆ. ಅತ್ತೆ ಅಲ್ಲಿಂದ ಕದಲಲಿಲ್ಲ. ಅದು ಮತ್ತೆ ಯಾವಾಗ ಬರುತ್ತೆ ಅಂತ ಕಾಯ್ತಾ ನಿಂತರು, ಅಕ್ಕಪಕ್ಕದ ಮಕ್ಕಳಿಗೂ ಕೈ ಮಾಡಿ ತೋರಿಸಿದರು. ಅಂಗಡಿಯಲ್ಲಿದ್ದ ಹುಡುಗಿ ಅವರ ಸೀರೆ ನೋಡಿ, ಯಾವ ಗ್ರಹದಿಂದ ಬಂದಿರಿ, ನಿಮ್ಮ ಉಡುಪು ಬಹಳ ಚೆನ್ನಾಗಿದೆ ಅಂದಳು. ನಾನು ಕನ್ನಡದಲ್ಲಿ ಹೇಳಿದೆ. ಅತ್ತೆ ಒಂದು ಕ್ಷಣವೂ ಯೋಚಿಸದೆ "ದಾವಣಗೆರೆ" ಅಂದರು. ಆ ಹುಡುಗಿ ಗಂಭೀರವಾಗಿ ತಲೆ ಆಡಿಸಿ, ಬಹಳ ದೂರದ ಪ್ರಯಾಣ, ಸುಧಾರಿಸಿಕೊಳ್ಳಿ ಅಂದಳು.

ಅವರಿಗೆ ಸಿನಿಮಾ ಬೇಕಾಗಲಿಲ್ಲ. ಒಂದು ಊರಿಗೆ ಹೋದ ಹಾಗಾಯಿತು, ಅಷ್ಟೇ.

ಮಾವನಿಗೆ ಮಾತ್ರ ಬಿಸಿಲು, ಕಾಲು ನೋವು. ನೆರಳಲ್ಲಿ ಕೂರುವ ಜಾಗ ಕಡಿಮೆ. ವಯಸ್ಸಾದವರನ್ನು ಕರೆದುಕೊಂಡು ಹೋಗುವವರು ಬೆಳಗ್ಗೆ ಬೇಗ ಹೋಗಿ, ಇಲ್ಲವೇ ಸಂಜೆ ಹೋಗಿ. ಸಂಜೆ ದೀಪ ಹೊತ್ತಿದ ಮೇಲೆ ಜಾಗ ಇನ್ನೂ ಚೆನ್ನಾಗಿರುತ್ತೆ.

ಹಳೇ ಅಭಿಮಾನಿ
ಜುಲೈ 7, 2019

ಅಕ್ಕಾ, ನಿಮ್ಮ ಅತ್ತೆಯ ವಿಷಯ ಓದಿ ಖುಷಿಯಾಯಿತು. ಆದರೆ ಇಲ್ಲೇ ನನ್ನ ತಕರಾರೂ ಇದೆ. ಆ ಹುಡುಗಿ ಮಾತಾಡಿಸಿದ್ದರಿಂದ ಅವರಿಗೆ ಅದು ಊರಾಯಿತು. ಮಾತಾಡಿಸದಿದ್ದರೆ? ಸಂಕೋಚದ ಜನ ಇರುತ್ತಾರೆ. ನಮ್ಮವರಲ್ಲಿ ಜಾಸ್ತಿ. ಅಪರಿಚಿತರ ಹತ್ತಿರ ಹೋಗಿ ನಾನು ಕಳ್ಳಸಾಗಣೆ ಮಾಡುವವನು ಅಂತ ನಾಟಕ ಆಡಲು ಎಷ್ಟು ಜನಕ್ಕೆ ಆಗುತ್ತೆ? ಅಂಥವರಿಗೆ ಕಣ್ಣೆದುರು ಏನಾದರೂ ನಡೆಯಬೇಕು. ಬೀದಿಯಲ್ಲಿ ಹೆಚ್ಚು ಪಾತ್ರಗಳು, ಓಡಾಡುವ ರೋಬೋಟ್‌ಗಳು, ಹೋಟೆಲ್‌ನಲ್ಲಿ ಜಗಳ, ಏನಾದರೂ. 2015ರಲ್ಲಿ ಇದನ್ನು ಘೋಷಿಸಿದಾಗಿನಿಂದ ನಾವು ಕಲ್ಪಿಸಿಕೊಂಡದ್ದು ಅದನ್ನೇ. ಕೇಳಿದವರಿಗೆ ಮಾತ್ರ ಸಿಗುತ್ತೆ ಅನ್ನುವುದು, ಕೇಳಲಾಗದವರಿಗೆ ಅನ್ಯಾಯ ಅಲ್ವಾ?

ರೋಬೋ ಮೇಷ್ಟ್ರು
ಜುಲೈ 7, 2019

ನಿಮ್ಮ ಮಾತನ್ನು ಅರ್ಧ ಒಪ್ತೀನಿ ಸರ್. ಸಂಕೋಚ ಇರುವವರಿಗೆ ಫೋನ್ ದಾರಿ ಇದೆ. ಪ್ಲೇ ಡಿಸ್ನಿ ಪಾರ್ಕ್ಸ್ ಆ್ಯಪ್‌ನಲ್ಲಿ ಡೇಟಾಪ್ಯಾಡ್ ಅಂತ ಒಂದು ಭಾಗ. ಫಲಕಗಳ ಮೇಲಿರುವ, ಸಿನಿಮಾ ಲೋಕದ ಆರಬೆಶ್ ಲಿಪಿ ಓದಬಹುದು, ಬಾಗಿಲ ಪಕ್ಕದ ಪೆಟ್ಟಿಗೆಗಳನ್ನು ಹ್ಯಾಕ್ ಮಾಡಬಹುದು, ಕಥೆಯ ಎರಡು ಎದುರಾಳಿ ಪಕ್ಷಗಳಾದ ರೆಸಿಸ್ಟೆನ್ಸ್ ಕಡೆಗೋ ಫಸ್ಟ್ ಆರ್ಡರ್ ಕಡೆಗೋ ಕೆಲಸ ಮಾಡಬಹುದು. ನನ್ನ ಮಗಳು ಯಾರ ಹತ್ತಿರವೂ ಒಂದು ಮಾತಾಡದೆ ಎರಡು ಗಂಟೆ ಅದರಲ್ಲೇ ಮುಳುಗಿದ್ದಳು. ಆದರೆ ಅಷ್ಟು ಚೆನ್ನಾಗಿ ಕಟ್ಟಿದ ಜಾಗದಲ್ಲಿ ಮಕ್ಕಳು ಫೋನ್ ನೋಡುತ್ತಾ ಕೂರುವುದು ನನಗೆ ಇಷ್ಟವಾಗಲಿಲ್ಲ. ಇನ್ನರ್ಧ ಒಪ್ಪುವುದು ಈ ಕಾರಣಕ್ಕೆ. ಬೀದಿಯಲ್ಲಿ ಜೀವಂತವಾಗಿ ನಡೆಯುವಂಥದ್ದು ಇನ್ನೂ ಬೇಕು.

ಫ್ರೀಮಾಂಟ್ ಅಪ್ಪ
ಆಗಸ್ಟ್ 10, 2019

ಒಂದು ವಿಷಯ ಗಮನಿಸಿದಿರಾ? ಜನ ಕಿಕ್ಕಿರಿದು ತುಂಬುತ್ತಾರೆ ಅಂತ ಹೇಳಿ ಹೇಳಿ ಕೊನೆಗೆ ಜನವೇ ಬರಲಿಲ್ಲ. ಆಗಸ್ಟ್ 6ರಂದು ಡಿಸ್ನಿ ಕಂಪನಿ ತನ್ನ ಲೆಕ್ಕ ಕೊಟ್ಟಾಗ ಅಮೆರಿಕದ ಪಾರ್ಕ್‌ಗಳಿಗೆ ಬಂದವರ ಸಂಖ್ಯೆ ಶೇಕಡಾ 3 ಇಳಿದಿದೆ ಅಂದಿತು. ಗಲಾಟೆಗೆ ಹೆದರಿ ಜನ ಮುಂದೂಡಿದರು, ಸುತ್ತಲಿನ ಹೋಟೆಲ್‌ಗಳು ದರ ಏರಿಸಿದ್ದವು ಅಂತ ಕಂಪನಿಯ ಮುಖ್ಯಸ್ಥ ಬಾಬ್ ಐಗರ್ ಕಾರಣ ಹೇಳಿದರು. ವರ್ಷದ ಪಾಸ್ ಇಟ್ಟುಕೊಂಡ ಸ್ಥಳೀಯರಲ್ಲಿ ಎಷ್ಟೋ ಜನಕ್ಕೆ ಬೇಸಿಗೆಯಲ್ಲಿ ಪ್ರವೇಶವೇ ಇರಲಿಲ್ಲ ಅನ್ನುವುದನ್ನೂ ಸೇರಿಸಿ.

ಹೋಟೆಲ್ ಮಾತು ನಿಜ. ಜೂನ್‌ನಲ್ಲಿ ನಾನು ವಿಚಾರಿಸಿದಾಗ ಹೇಳಿದ ಬಾಡಿಗೆ ಕೇಳಿ ಸುಮ್ಮನಾಗಿದ್ದೆ. ಈಗ ಹೋಗಿ ಬಂದೆವು. ಮಗನಿಗೆ ಲೈಟ್‌ಸೇಬರ್ ಕೊಡಿಸಿದೆ. ಅವನು ನೇರಳೆ ಬಣ್ಣ ಆರಿಸಿದ. ಹದಿನಾಲ್ಕು ಜನ ಒಟ್ಟಿಗೆ ಬೆಳಗಿಸಿದಾಗ ಅವನ ಮುಖ ನೋಡಿದ ಮೇಲೆ ದುಡ್ಡಿನ ಮಾತು ನಾನು ಆಡುವುದಿಲ್ಲ.

ರೋಬೋ ಮೇಷ್ಟ್ರು
ಆಗಸ್ಟ್ 31, 2019

ಅಲ್ಲಿ ಸಿಗುವ ಗುಂಡನೆಯ ಕೋಕಾ ಕೋಲಾ ಬಾಟಲಿ ತಂದಿಟ್ಟುಕೊಂಡವರು ಗಮನಿಸಿ. ನೋಡಲು ಗ್ರೆನೇಡ್ ಥರ ಇದೆ ಅಂತ ವಿಮಾನ ನಿಲ್ದಾಣದ ಭದ್ರತೆಯವರು ಮೊದಲು ಬೇಡ ಅಂದಿದ್ದರು. ಈಗ ಆ ಮಾತು ಹಿಂದಕ್ಕೆ ತೆಗೆದುಕೊಂಡಿದ್ದಾರೆ. ಉಳಿದ ಪಾನೀಯಗಳಿಗೆ ಇರುವ ನಿಯಮವೇ ಇದಕ್ಕೂ. ಊರಿಗೆ ಒಯ್ಯುವವರು ಕುಡಿದು ಖಾಲಿ ಮಾಡಿ ಒಯ್ಯಿರಿ.

ತುಮಕೂರು ಟು ಟ್ಯಾಂಪಾ
ಸೆಪ್ಟೆಂಬರ್ 14, 2019

ಫ್ಲೋರಿಡಾದಿಂದ ವರದಿ. ನಮ್ಮ ಕಡೆ ಡಿಸ್ನಿಯ ಹಾಲಿವುಡ್ ಸ್ಟುಡಿಯೋಸ್ ಪಾರ್ಕ್‌ನಲ್ಲಿ ಆಗಸ್ಟ್ 29ಕ್ಕೆ ಇದೇ ಜಾಗ ಶುರುವಾಯಿತು. ಡೋರಿಯನ್ ಚಂಡಮಾರುತ ಬರುತ್ತೆ ಅನ್ನುವ ಭಯದ ನಡುವೆ. ಮೊದಲ ದಿನ ಹಡಗಿನ ಕ್ಯೂ ಗಂಟೆಗಟ್ಟಲೆ ಇತ್ತು. ಆಮೇಲೆ ಇಳಿಯಿತು.

ಎರಡು ಕಡೆಯೂ ಹೆಚ್ಚೂ ಕಡಿಮೆ ಒಂದೇ ನಕ್ಷೆ. ಆದರೆ ಒಂದು ವ್ಯತ್ಯಾಸ ನನಗೆ ದೊಡ್ಡದಾಗಿ ಕಂಡಿತು. ನಿಮ್ಮ ಡಿಸ್ನಿಲ್ಯಾಂಡ್ 1955ರದ್ದು, ಅದರೊಳಗೆ ಇದನ್ನು ಸೇರಿಸಿದ್ದಾರೆ. ಹಳೇ ನದಿ, ಕಾಡಿನ ಪಕ್ಕದಿಂದ ನಡೆದು ಬಂದು ಬಟೂ ಕಾಣುವುದರಲ್ಲಿ ಒಂದು ಸೊಗಸಿದೆ. ಇಲ್ಲಿ ಒಂದು ಕಡೆ ಟಾಯ್ ಸ್ಟೋರಿ ಆಟಿಕೆಗಳ ಬೀದಿ, ಇನ್ನೊಂದು ಕಡೆ ನಗರದ ಬೀದಿಯ ಸುರಂಗ. ಸುರಂಗದ ಕಡೆಯಿಂದ ಬನ್ನಿ, ಚೆನ್ನಾಗಿರುತ್ತೆ.

ಓಗಾಸ್ ಕ್ಯಾಂಟೀನಾ ಅನ್ನುವ ಬಾರ್ ಬಗ್ಗೆ ಯಾರೂ ಬರೆದಿಲ್ಲ. ಹಾಡು ಹಾಕುವ ರೋಬೋಟ್ ಇದೆಯಲ್ಲ, ಅದು 1987ರಲ್ಲಿ ಬಂದ ಸ್ಟಾರ್ ಟೂರ್ಸ್ ರೈಡ್‌ನ ಹಳೇ ಪೈಲಟ್ ರೆಕ್ಸ್. ಆ ಕೆಲಸ ಹೋಗಿ ಇಲ್ಲಿ ಡಿಜೆ ಆಗಿದ್ದಾನೆ ಅನ್ನುವುದು ಕಥೆ. ಹಳೇ ಅಭಿಮಾನಿ ಅವರಿಗೆ ಇದು ಇಷ್ಟವಾಗಬೇಕು. ಜಾಗ ಚಿಕ್ಕದು, ಹೆಚ್ಚಿನವರು ನಿಂತೇ ಕುಡಿಯಬೇಕು, 45 ನಿಮಿಷಕ್ಕೆ ಮುಗಿಸಬೇಕು. ಮದ್ಯ ಬೇಡದವರಿಗೂ ಬೇರೆ ಪಾನೀಯ ಇದೆ, ಮಕ್ಕಳನ್ನೂ ಬಿಡ್ತಾರೆ.

ಹಳೇ ಅಭಿಮಾನಿ
ಸೆಪ್ಟೆಂಬರ್ 15, 2019

ರೆಕ್ಸ್‌ನನ್ನು ನೋಡಿದೆ. ಇಡೀ ಜಾಗದಲ್ಲಿ ನನ್ನ ಹಳೇ ಪರಿಚಯದವನು ಅಂತ ಅನಿಸಿದ್ದು ಅವನೊಬ್ಬನೇ. ಇಂಥದ್ದು ಇನ್ನೂ ಹತ್ತು ಕಡೆ ಇಟ್ಟಿದ್ದರೆ ನನ್ನ ದೂರು ಇರುತ್ತಿರಲಿಲ್ಲ.

ತುಮಕೂರು ಟು ಟ್ಯಾಂಪಾ
ಡಿಸೆಂಬರ್ 8, 2019

ಎರಡನೇ ರೈಡ್ ಬಂತು! ರೈಸ್ ಆಫ್ ದಿ ರೆಸಿಸ್ಟೆನ್ಸ್, ಇಲ್ಲಿ ಡಿಸೆಂಬರ್ 5ಕ್ಕೆ ಶುರು. ಬೆಳಕು ಹರಿಯುವ ಮುಂಚೆಯೇ ಜನ ಗೇಟಿನ ಮುಂದೆ. ಸಾಮಾನ್ಯ ಕ್ಯೂ ಇಲ್ಲ. ಫೋನ್‌ನಲ್ಲಿ ಬೋರ್ಡಿಂಗ್ ಗ್ರೂಪ್ ಸಂಖ್ಯೆ ತಗೊಂಡು, ಕರೆದಾಗ ಹೋಗಬೇಕು. ರೈಡ್ ಆಗಾಗ ನಿಲ್ಲುತ್ತಿದೆ, ಮತ್ತೆ ಶುರುವಾಗುತ್ತಿದೆ. ಇಷ್ಟು ಯಂತ್ರ ಒಟ್ಟಿಗೆ ಕೆಲಸ ಮಾಡಬೇಕಾದಾಗ ಹೊಸದರಲ್ಲಿ ಹೀಗಾಗುವುದು ಸಹಜ.

ಮುಂದೆ ರೈಡ್‌ನ ಕಥೆ ಇದೆ. ಮೊದಲೇ ಗೊತ್ತಾಗಬಾರದು ಅನ್ನುವವರು ನನ್ನ ಈ ಬರಹದ ಉಳಿದ ಭಾಗ ಓದಬೇಡಿ.

ಮೊದಲು ಒಂದು ಹಡಗಿನೊಳಗೆ ನಿಲ್ಲಿಸ್ತಾರೆ. ಹಡಗು ಹೊರಟಿತು ಅನಿಸುತ್ತೆ. ದಾರಿಯಲ್ಲಿ ಶತ್ರುಗಳು ಹಿಡಿಯುತ್ತಾರೆ. ಹತ್ತಿದ ಬಾಗಿಲೇ ಮತ್ತೆ ತೆರೆಯುತ್ತೆ. ಹೊರಗೆ ನೋಡಿದರೆ ನಾವು ಹತ್ತಿದ ಕಾಡಿಲ್ಲ. ಒಂದು ದೊಡ್ಡ ಹಡಗುಕಟ್ಟೆ, 50 ಬಿಳಿ ಕವಚದ ಸೈನಿಕರು ಸಾಲಾಗಿ ನಿಂತಿದ್ದಾರೆ, ಆಚೆ ಕಪ್ಪು ಆಕಾಶ, ನಕ್ಷತ್ರ. ನನ್ನ ಜೊತೆಗಿದ್ದವರಲ್ಲಿ ಯಾರೂ ಉಸಿರೆತ್ತಲಿಲ್ಲ. ಅಧಿಕಾರಿಗಳ ವೇಷದ ಸಿಬ್ಬಂದಿ ಜೋರು ಮಾಡಿ ಸೆರೆಗೆ ಕಳಿಸುತ್ತಾರೆ. ಅಲ್ಲಿಂದ ತಪ್ಪಿಸಿಕೊಂಡು ಒಂದು ಗಾಡಿ ಹತ್ತಬೇಕು. ಗಾಡಿಗೆ ಎಂಟು ಜನ. ಹಳಿಯೇ ಇಲ್ಲ, ನೆಲದ ಮೇಲೆ ಎತ್ತ ಬೇಕಾದರೂ ತಿರುಗುತ್ತೆ. ಎರಡು ಗಾಡಿ ಜೊತೆಯಾಗಿ ಹೊರಟು, ಬೇರೆಯಾಗಿ, ಮತ್ತೆ ಸೇರುತ್ತವೆ. ಪೂರ್ತಿ ಅಳತೆಯ ಎಟಿ ಎಟಿ ಅನ್ನುವ ನಾಲ್ಕು ಕಾಲಿನ ಯುದ್ಧ ಯಂತ್ರಗಳ ಕಾಲ ಕೆಳಗೆ ನುಗ್ಗಿ ಹೋಗ್ತೀರಿ. ಕೊನೆಗೆ ಧುಮುಕುವುದು. ಎಲ್ಲ ಸೇರಿ ಸುಮಾರು 18 ನಿಮಿಷ. ಇದಕ್ಕೆ 40 ಇಂಚು ಎತ್ತರ ಬೇಕು.

ಬಿಡದಿ ಹುಡುಗ
ಡಿಸೆಂಬರ್ 9, 2019

ಓದಿದ್ದಕ್ಕೇ ಮೈ ಜುಂ ಅಂತು. ಹಳಿ ಇಲ್ಲದ ಗಾಡಿಗೆ ದಾರಿ ಹೇಗೆ ಗೊತ್ತಾಗುತ್ತೆ ಮೇಷ್ಟ್ರೇ?

ರೋಬೋ ಮೇಷ್ಟ್ರು
ಡಿಸೆಂಬರ್ 9, 2019

ಪ್ರತಿ ಗಾಡಿಗೂ ಬ್ಯಾಟರಿ ಮತ್ತು ಕಂಪ್ಯೂಟರ್ ಇರುತ್ತೆ. ತಾನು ಎಲ್ಲಿದ್ದೇನೆ ಅಂತ ಅದು ಸದಾ ಲೆಕ್ಕ ಹಾಕ್ತಾ ಇರುತ್ತೆ. ಕೇಂದ್ರದ ಕಂಪ್ಯೂಟರ್ ಎಲ್ಲ ಗಾಡಿಗಳ ಮೇಲೂ ಕಣ್ಣಿಟ್ಟಿರುತ್ತೆ. ಒಂದು ಗಾಡಿ ತಡವಾದರೆ ಹಿಂದಿನದನ್ನು ನಿಲ್ಲಿಸಬೇಕು, ಬಾಗಿಲು, ದೀಪ, ಗೊಂಬೆ, ಪರದೆ ಎಲ್ಲವನ್ನೂ ಅದಕ್ಕೆ ಹೊಂದಿಸಬೇಕು. ಈ ರೈಡ್‌ನಲ್ಲಿ ಬೇರೆ ಬೇರೆ ನಾಲ್ಕು ಬಗೆಯ ರೈಡ್ ವ್ಯವಸ್ಥೆಗಳನ್ನು ಒಂದಕ್ಕೊಂದು ಜೋಡಿಸಿದ್ದಾರೆ. ಅದರಲ್ಲಿ ಒಂದು ಕೈಕೊಟ್ಟರೂ ಉಳಿದವು ಕಾಯಬೇಕು. ತಡವಾಗಿ ತೆರೆದದ್ದು, ಆಗಾಗ ನಿಲ್ಲುವುದು ನನಗೆ ಆಶ್ಚರ್ಯ ಅಲ್ಲ. ನಡೆಯುತ್ತಿರುವುದೇ ಆಶ್ಚರ್ಯ.

ಹಳೇ ಅಭಿಮಾನಿ
ಜನವರಿ 27, 2020

ಇಲ್ಲಿ ಅನಾಹೈಮ್‌ನಲ್ಲಿ ಜನವರಿ 17ಕ್ಕೆ ರೈಸ್ ಆಫ್ ದಿ ರೆಸಿಸ್ಟೆನ್ಸ್ ತೆರೆಯಿತು. ನಾನು ಹೋಗಿ ಬಂದೆ. ಟ್ಯಾಂಪಾದವರು ಬರೆದದ್ದರಲ್ಲಿ ಒಂದಕ್ಷರವೂ ಉತ್ಪ್ರೇಕ್ಷೆ ಅಲ್ಲ. ಆ ಬಾಗಿಲು ತೆರೆದಾಗ ನಾನು ಏನು ಹೇಳಲಿ, ಕ್ಯಾಸೆಟ್ ನೋಡಿದ ಹುಡುಗ ಅಲ್ಲಿ ನಿಂತಿದ್ದ. ಮತ್ತೊಂದು ಮಾತು. ಇಲ್ಲಿ ನೀವು ಕೇಳಬೇಕಾಗಿಲ್ಲ, ನಾಟಕ ಆಡಬೇಕಾಗಿಲ್ಲ. ಕಥೆಯೇ ನಿಮ್ಮನ್ನು ಎತ್ತಿಕೊಂಡು ಹೋಗುತ್ತೆ. ಸಂಕೋಚದವರಿಗೂ ಜಾಗ ಇದೆ. ಜೂನ್‌ನಿಂದ ನಾನು ಕೇಳ್ತಿದ್ದದ್ದು ಇದನ್ನೇ.

ಬೀದಿಯ ಬಗ್ಗೆ ನನ್ನ ಅಭಿಪ್ರಾಯ ಹಾಗೇ ಇದೆ. ಹಳೇ ಪಾತ್ರಗಳು ಬೇಕು. ವೇಡರ್ ಆ ಮಾರ್ಕೆಟ್‌ನಲ್ಲಿ ಒಂದು ಸಲ ನಡೆದು ಹೋಗಲಿ ಸಾಕು.

ಒಂದು ಸಂತೋಷದ ಸುದ್ದಿ. ಸ್ಟಾರ್ ವಾರ್ಸ್ ಸಿನಿಮಾಗಳಿಗೆ ಸಂಗೀತ ಕೊಟ್ಟ ಜಾನ್ ವಿಲಿಯಮ್ಸ್ ಈ ಜಾಗಕ್ಕೆಂದೇ ಬರೆದ ಸಂಗೀತಕ್ಕೆ ನಿನ್ನೆ ಗ್ರ್ಯಾಮಿ ಪ್ರಶಸ್ತಿ ಬಂದಿದೆ. ಅದನ್ನು ಬೀದಿಯಲ್ಲೂ ಕೇಳಿಸಬೇಕು ಅಂತ ನಾನು ಕೇಳುವುದನ್ನು ಬಿಡುವುದಿಲ್ಲ.

ಇರ್ವೈನ್ ಕನ್ನಡತಿ
ಜನವರಿ 28, 2020

ಸರ್, ಇದೊಂದು ವಿಷಯದಲ್ಲಿ ನಾನು ನಿಮ್ಮ ಜೊತೆ ಇಲ್ಲ. ವೇಡರ್ ಬಂದರೆ ಎಲ್ಲರೂ ಫೋನ್ ಎತ್ತಿ ಅವನ ಹಿಂದೆ ಓಡ್ತಾರೆ. ಈಗಿರುವ ಊರು ಹೋಗಿ ಫೋಟೋ ತೆಗೆಸಿಕೊಳ್ಳುವ ಜಾಗವಾಗುತ್ತೆ. ದಾವಣಗೆರೆ ಸೊಸೆಯ ಅತ್ತೆ ಕಂಡ ಊರು ನನಗೆ ಹೆಚ್ಚು. ಸಂಗೀತ ಮಾತ್ರ ಬರಲಿ, ಅದಕ್ಕೆ ನನ್ನ ಒಪ್ಪಿಗೆಯೂ ಇದೆ.

ಫ್ರೀಮಾಂಟ್ ಅಪ್ಪ
ಫೆಬ್ರವರಿ 2, 2020

ಮಗಳು ಈಗ 40 ಇಂಚು ದಾಟಿದ್ದಾಳೆ. ರೈಸ್‌ಗೆ ಹೋಗಲೇಬೇಕು ಅಂತ ಮಕ್ಕಳಿಬ್ಬರೂ ಒಂದೇ ಸಮ. ಬೆಳಗ್ಗೆ ಏನು ಮಾಡಬೇಕು, ಸರಿಯಾಗಿ ಹೇಳಿ.

ಇರ್ವೈನ್ ಕನ್ನಡತಿ
ಫೆಬ್ರವರಿ 2, 2020

ಅಣ್ಣ, ಪಾರ್ಕ್ ತೆರೆಯುವ ಹೊತ್ತಿಗೆ ನಾಲ್ಕೂ ಜನ ಗೇಟ್ ದಾಟಿ ಒಳಗಿರಬೇಕು. ಒಬ್ಬರು ಹೊರಗಿದ್ದರೂ ಅವರನ್ನು ಸೇರಿಸಲು ಆಗುವುದಿಲ್ಲ. ನಾಲ್ಕೂ ಟಿಕೆಟ್ ಹಿಂದಿನ ರಾತ್ರಿಯೇ ಒಂದು ಫೋನ್‌ನ ಆ್ಯಪ್‌ಗೆ ಹಾಕಿಟ್ಟುಕೊಳ್ಳಿ. ತೆರೆಯುವ ನಿಮಿಷಕ್ಕೆ ಸರಿಯಾಗಿ ಬೋರ್ಡಿಂಗ್ ಗ್ರೂಪ್ ಒತ್ತಿ. ಕೆಲವೇ ನಿಮಿಷದಲ್ಲಿ ಮುಗಿದುಹೋಗುತ್ತೆ, ಆಮೇಲೆ ಸಿಗುವುದು ಕಾಯುವ ಪಟ್ಟಿ. ಸಂಖ್ಯೆ ಸಿಕ್ಕ ಮೇಲೆ ಬೇರೆ ಕಡೆ ತಿರುಗಾಡಿ, ಫೋನ್ ಚಾರ್ಜ್ ಮಾತ್ರ ಇರಲಿ. ಮಗಳಿಗೆ ಮೊದಲೇ ಹೇಳಿಡಿ, ಸೈನಿಕರು ಜೋರಾಗಿ ಮಾತಾಡ್ತಾರೆ, ಕತ್ತಲೆ ಇರುತ್ತೆ, ಕೊನೆಗೆ ಕೆಳಗೆ ಬೀಳುವುದಿದೆ ಅಂತ. ಗೊತ್ತಿದ್ದರೆ ಮಕ್ಕಳು ಹೆದರುವುದು ಕಡಿಮೆ. ಹೋಗಿ ಬಂದು ಇಲ್ಲಿ ಬರೆಯಿರಿ.